ಶರತ್ಕಾಲದಲ್ಲಿ ಟ್ರೌಟ್ ತೊರೆಗೆ ಇಳಿಯುವವರೇ, ಗೈಡ್‌ಗೆ ದುಡ್ಡು ಕೊಡುವ ಮುಂಚೆ ಇದನ್ನು ಓದಿ

ಫ್ಲೈ, ಅಂದರೆ ಹುಳದಂತೆ ಕಾಣುವ ಕೃತಕ ಗಾಳ, ಬೀಸಿ ಮೀನು ಹಿಡಿಯುವ ಫ್ಲೈ ಫಿಶಿಂಗ್‌ಗೆಂದು ಸಣ್ಣ ತೊರೆಗಳಿಗೆ ಕರೆದೊಯ್ಯುವ ಗೈಡ್‌ಗೆ ಮುಂಗಡ ಕೊಡುವ ಮೊದಲೇ ಕೇಳಿಬಿಡಿ: ಅಲ್ಲಿನ ಟ್ರೌಟ್ (ತಣ್ಣೀರಿನ ಮೀನು) ಮೊಟ್ಟೆ ಇಡುವುದು ಎಲ್ಲಿ, ಅದನ್ನು ತುಳಿಯದಂತೆ ನಮ್ಮನ್ನು ಹೇಗೆ ದಾಟಿಸುತ್ತೀರಿ? ಆತ ತಡವರಿಸಿದರೆ ಹೋಗಬೇಡಿ.

ನಮ್ಮ ಗೈಡ್ "ಇಲ್ಲಿರುವುದೆಲ್ಲ ತೊರೆಯಲ್ಲೇ ಹುಟ್ಟಿದ ಬ್ರೌನ್ ಟ್ರೌಟ್, ಸಾಕಿ ತಂದು ಬಿಟ್ಟದ್ದು ಒಂದೂ ಇಲ್ಲ" ಎಂದು ಹೆಮ್ಮೆಯಿಂದ ಹೇಳಿದ್ದ. ಆದರೆ ಆತ ನಡೆದುಕೊಂಡ ರೀತಿ ನೋಡಿದರೆ, ಇವು ಸತ್ತರೆ ನಾಳೆ ಮೀನುಮರಿ ಸಾಕುವ ಹ್ಯಾಚರಿಯಿಂದ ಇನ್ನೊಂದು ಲೋಡ್ ಬರುತ್ತದೆ ಎಂಬಂತಿತ್ತು. ಮಡು ಮುಗಿದು ನೀರು ತೆಳುವಾಗಿ ಓಡತೊಡಗುವ ಕಡೆ, ಜಲ್ಲಿಯ ಮೇಲೆ, ಎಲ್ಲರನ್ನೂ ಸಾಲಾಗಿ ದಾಟಿಸಿದ. ಬಿಸಿಲು ನೀರಿಗಿಳಿದಾಗ ಕಂಡಿತು: ಪಾಚಿ ಹಿಡಿದ ಕಪ್ಪು ತಳದ ನಡುವೆ ತೊಳೆದಿಟ್ಟಂಥ ಬಿಳಿ ಜಲ್ಲಿಯ ತೇಪೆಗಳು, ಅವುಗಳ ಮೇಲೆಯೇ ಬೂಟಿನ ಗುರುತುಗಳು. ತೋರಿಸಿದೆ. "ಮೀನಿಗೆ ಇದೆಲ್ಲ ಅಭ್ಯಾಸ" ಎಂದ. ಸ್ವಲ್ಪ ಮೇಲೆ ಹೆಣ್ಣು ಮೀನೊಂದು ಮೈ ಓರೆ ಮಾಡಿ ಬಾಲದಿಂದ ಜಲ್ಲಿ ಕೆದಕುತ್ತಿತ್ತು, ಪಕ್ಕದಲ್ಲೇ ಗಂಡು. ಅವುಗಳ ಮುಂದೆಯೇ ಫ್ಲೈ ಬೀಸಿ ಎಂದು ನಮ್ಮವರಿಗೆ ಹೇಳಿಕೊಟ್ಟ. ನನಗೆ ತಡೆಯಲಾಗಲಿಲ್ಲ, ರಾಡ್ ಮಡಚಿ ದಂಡೆಗೆ ಬಂದೆ. ಅಷ್ಟು ಕಷ್ಟಪಟ್ಟು ಗೂಡು ತೋಡುತ್ತಿರುವ ಮೀನನ್ನು ಎಳೆದು ದಣಿಸುವುದರಲ್ಲಿ ಯಾವ ಕೌಶಲವೂ ಇಲ್ಲ.

ಆ ಬಿಳಿ ತೇಪೆ ಟ್ರೌಟ್‌ನ ಗೂಡು. ಮೇಲ್ಹರಿವಿನ ಕಡೆ ತಗ್ಗು, ಅದರ ಕೆಳಗೆ ಸಣ್ಣ ದಿಬ್ಬ. ಮೊಟ್ಟೆಗಳಿರುವುದು ತಗ್ಗಿನಲ್ಲಲ್ಲ, ದಿಬ್ಬದ ಜಲ್ಲಿಯೊಳಗೆ. ಕಾಲಿಡಲು ಅನುಕೂಲವಾಗಿ ಕಾಣುವುದೂ ಅದೇ ದಿಬ್ಬ! ಕಲ್ಲುಗಳ ಸಂದಿಯಲ್ಲಿ ಹರಿಯುವ ನೀರೇ ಮೊಟ್ಟೆಗೆ ಆಮ್ಲಜನಕ ಒಯ್ಯುತ್ತದೆ. ತುಳಿದರೆ ಮೊಟ್ಟೆ ಜಜ್ಜಿಹೋಗುತ್ತದೆ, ಕದಡಿದ ಹೂಳು ಸಂದಿಗಳನ್ನು ಮುಚ್ಚುತ್ತದೆ. 1992ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ಮರಿಯಾಗುವುದಕ್ಕೆ ತುಸು ಮುಂಚೆ ಒಂದೇ ಸಲ ತುಳಿದದ್ದಕ್ಕೆ ಶೇ 43ರವರೆಗೆ ಸತ್ತವು. ದಿನಕ್ಕೆರಡು ಸಲ ತುಳಿದ ಕಡೆ ಸತ್ತದ್ದು ಶೇ 80ಕ್ಕೂ ಹೆಚ್ಚು.

ಇನ್ನೊಂದು ಅಪಾಯವಿದೆ, ಇದನ್ನು ಹೇಳುವವರು ಕಡಿಮೆ. ಕೆಲವು ವಾರಗಳಲ್ಲಿ ಆ ಜಲ್ಲಿಗೂ ಪಾಚಿ ಹತ್ತಿ ಗೂಡು ಕಣ್ಣಿಗೆ ಕಾಣದಂತಾಗುತ್ತದೆ. ಒಳಗೆ ಮೊಟ್ಟೆ ಹಾಗೇ ಇರುತ್ತದೆ. ನೀರು ತಣ್ಣಗಿದ್ದಷ್ಟೂ ಮರಿಯಾಗುವುದು ತಡ, ತಿಂಗಳುಗಳೇ ಹಿಡಿಯಬಹುದು. ಮರಿಯಾದ ಮೇಲೂ ಹೊಟ್ಟೆಯಡಿಯ ಹಳದಿ ಚೀಲ ಕರಗುವ ತನಕ ಅವು ಜಲ್ಲಿಯೊಳಗೇ ಉಳಿಯುತ್ತವೆ. ಹಾಗಾಗಿ ಮೊಟ್ಟೆ ಇಡುವ ಕಾಲ ಕಳೆಯಿತು ಎಂದು ಯಾರಾದರೂ ಧೈರ್ಯ ಹೇಳಿದರೆ ನಂಬಬೇಡಿ. ಬ್ರೌನ್ ಮತ್ತು ಬ್ರೂಕ್ ಟ್ರೌಟ್ ಶರತ್ಕಾಲದವು, ರೈನ್‌ಬೋ ಸಾಮಾನ್ಯವಾಗಿ ವಸಂತದಲ್ಲಿ ಮೊಟ್ಟೆ ಇಡುತ್ತದೆ. ಎರಡೂ ಬಗೆಯವು ಇರುವ ತೊರೆಯಲ್ಲಿ ವಸಂತದಲ್ಲೂ ಅಷ್ಟೇ ಜಾಗ್ರತೆ ಬೇಕು.

ಹಲವೆಡೆ ಈ ಕಾಲದಲ್ಲಿ ಮೀನು ಹಿಡಿಯುವುದೇ ನಿಷಿದ್ಧ, ಮೊದಲು ಅದನ್ನು ವಿಚಾರಿಸಿ. ಅನುಮತಿ ಇದ್ದರೂ ದಂಡೆಯಿಂದಲೇ ಬೀಸಿ. ದಾಟಲೇಬೇಕಾದರೆ ಮಡು ಮುಗಿಯುವ ಕಡೆಯ ಜಲ್ಲಿ ಬಿಟ್ಟು, ದೊಡ್ಡ ಬಂಡೆಗಳಿರುವ ಕಡೆ ದಾಟಿ. ಬೀಸಲೇಬೇಕೆಂಬ ಹಂಬಲವಿದ್ದರೆ ಸಾಕಿದ ಮೀನು ತಂದು ಬಿಡುವ ಕೊಳಗಳಿವೆ, ಅಲ್ಲಿಗೆ ಹೋಗಿ. ಗೈಡ್ ಜಲ್ಲಿಗೆ ಇಳಿಯಿರಿ ಎಂದರೆ ಇಳಿಯಬೇಡಿ, ದುಡ್ಡು ಹೋದರೂ ಚಿಂತೆಯಿಲ್ಲ.