ಮಂಗಳೂರು ವಿಶ್ವವಿದ್ಯಾನಿಲಯ: ಸೇರುವ ಮುನ್ನ

1980ರಲ್ಲಿ ಶುರುವಾದ ಕೊಣಾಜೆಯ ಈ ವಿ.ವಿ.ಯ ನಿಜವಾದ ಹೆಮ್ಮೆ ಅಥ್ಲೆಟಿಕ್ಸ್. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿ.ವಿ. ಕೂಟ ನಡೆದದ್ದು ಮೂಡುಬಿದಿರೆಯಲ್ಲಿ. ಸಮಗ್ರ ಪ್ರಶಸ್ತಿಯೂ ಮಂಗಳೂರು ವಿ.ವಿ.ಯದ್ದೇ. ಈ ಬಲದ ಬಹುಪಾಲು ಬರುವುದು ಸಂಯೋಜಿತ ಕಾಲೇಜುಗಳಿಂದ. ಹಾಗಾಗಿ ಓಟಗಾರರು ವಿ.ವಿ.ಯ ಹೆಸರಿಗಿಂತ ಕಾಲೇಜಿನ ತರಬೇತುದಾರ, ಹಾಸ್ಟೆಲ್ ಊಟ, ಸಿಂಥೆಟಿಕ್ ಟ್ರ್ಯಾಕ್‌ಗಿರುವ ದೂರ, ಇವನ್ನು ವಿಚಾರಿಸಿ.

ಓದಿನ ಕಡೆ ತುಸು ಎಚ್ಚರ ಬೇಕು. 2021ರಲ್ಲಿ ನಾಲ್ಕು ವರ್ಷದ ಪದವಿಗೆ ಅವಕಾಶವಿದ್ದ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂತು, 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಸೇರಿದ ವರ್ಷ ಬೇರೆಯಾದರೆ ಪಠ್ಯಕ್ರಮವೂ ಬೇರೆ. ಬಾಕಿ ವಿಷಯ ಉಳಿಸಿಕೊಂಡವರು ಶುಲ್ಕ ಕಟ್ಟುವ ಮೊದಲು ವಿಷಯದ ಕೋಡ್ ಅನ್ನು ಹಳೆಯ ಅಂಕಪಟ್ಟಿಯೊಂದಿಗೆ ತಾಳೆ ನೋಡಲೇಬೇಕು. ಪ್ರವೇಶ, ಪರೀಕ್ಷೆಗಳ ಸರ್ಕಾರಿ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ನಲ್ಲಿ ಹೆಸರಿನ ಅಕ್ಷರಗಳು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಂತೆಯೇ ಇರಲಿ.

ಯಕ್ಷಗಾನ ಅಧ್ಯಯನ ಕೇಂದ್ರವೂ ತುಳು ಎಂ.ಎ.ಯೂ ಇರುವುದು ಈ ನೆಲಕ್ಕೆ ಒಪ್ಪುವ ಕೆಲಸ, ಆಸಕ್ತರು ಬಿಡಬೇಡಿ.