722ಎನ್ ಡಾಂಗಲ್: ಹೆಸರು ಒಂದೇ, ಒಳಗಿನ ಚಿಪ್ ಬೇರೆ

ಹುಬ್ಬಳ್ಳಿಯ ಕೊಪ್ಪೀಕರ್ ರಸ್ತೆಯ ಅಂಗಡಿಗಳಲ್ಲಿ ವೈಫೈ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ವೈಫೈ ತುಂಡು) ಕೈಗೆತ್ತಿಕೊಂಡು ‘ಲಿನಕ್ಸ್‌ನ್ಯಾಗ ನಡೀತೈತೇನ್ರಿ?’ ಅಂದರೆ, ‘ಎಲ್ಲಾದರಾಗೂ ನಡೀತೈತಿ ತಗೋರಿ, ಒಳಗ ಸಿಡಿ ಐತಿ’ ಅನ್ನುವ ಉತ್ತರಕ್ಕೆ ತಯಾರಿರಬೇಕು. ಆ ಸಿಡಿಯನ್ನು ನಂಬಿ ಕೊಳ್ಳಬೇಡಿ. ಅದನ್ನು ಹಾಕಲು ಈಗಿನ ಲ್ಯಾಪ್‌ಟಾಪಿನಲ್ಲಿ ಜಾಗವೂ ಇರುವುದಿಲ್ಲ.

ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯೂಎನ್722ಎನ್ ಡಾಂಗಲ್ ಲಿನಕ್ಸ್ (ವಿಂಡೋಸ್ ಬದಲಿಗೆ ಬಳಸುವ ಮುಕ್ತ ಕಾರ್ಯವ್ಯವಸ್ಥೆ) ಬಳಗದಲ್ಲಿ ಹೆಸರು ಮಾಡಿದ್ದು ಮೊದಲ ಆವೃತ್ತಿಯಿಂದ. ಅದರಲ್ಲಿದ್ದದ್ದು ಅಥೆರೋಸ್ ಎಆರ್9271 ಚಿಪ್. ಅದನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಲಿನಕ್ಸ್‌ನ ತಿರುಳಾದ ಕರ್ನೆಲ್‌ನಲ್ಲೇ ಇದೆ. ಚಿಪ್‌ಗೆ ಇಳಿದು ಅದರೊಳಗೇ ಓಡುವ ಫರ್ಮ್‌ವೇರ್ ಎಂಬ ತಂತ್ರಾಂಶದ ಸೋರ್ಸ್ ಕೋಡ್ ಕೂಡ 2013ರಲ್ಲಿ ಹೊರಬಂತು. ಯುಎಸ್‌ಬಿ ವೈಫೈಯಲ್ಲಿ ಇಷ್ಟು ಮುಕ್ತವಾದ ಸಾಮಾನು ಬಲು ಅಪರೂಪ. ಹಾಟ್‌ಸ್ಪಾಟ್, ಮಾನಿಟರ್ ಮೋಡ್ (ಸುತ್ತಲಿನ ವೈಫೈ ಸಂಚಾರ ಆಲಿಸುವುದು) ಎರಡೂ ತಂಟೆಯಿಲ್ಲದೆ ನಡೆಯುತ್ತವೆ.

ಎರಡನೇ ಆವೃತ್ತಿಯಿಂದ ಒಳಗೆ ಕೂತದ್ದು ರಿಯಲ್‌ಟೆಕ್ ಆರ್‌ಟಿಎಲ್8188ಇಯುಎಸ್. ಮಾದರಿಯ ಹೆಸರು ಮಾತ್ರ ಅದೇ! ಕರ್ನೆಲ್ 6.3ರಿಂದೀಚೆಗೆ ಆರ್‌ಟಿಎಲ್8ಎಕ್ಸ್‌ಎಕ್ಸ್‌ಎಕ್ಸ್‌ಯು ಡ್ರೈವರ್ ಇದನ್ನು ನಡೆಸುತ್ತದೆ, ಹಾಗಾಗಿ 6.8 ಕರ್ನೆಲ್ ಇರುವ ಉಬುಂಟು 24.04 ಲಿನಕ್ಸ್‌ನಲ್ಲಿ ಬ್ರೌಸಿಂಗ್‌ಗೆ ಸಾಕು. ಆದರೆ ಫರ್ಮ್‌ವೇರ್ ಮುಚ್ಚಿದ್ದು. ಹಾಟ್‌ಸ್ಪಾಟ್‌ಗೆ ಇದನ್ನು ನೆಚ್ಚಬೇಡಿ. ಕರ್ನೆಲ್‌ನಲ್ಲಿಲ್ಲದ ಹೊರಗಿನ ಡ್ರೈವರನ್ನು ಡಿಕೆಎಂಎಸ್ (ಪ್ರತಿ ಕರ್ನೆಲ್‌ಗೂ ಡ್ರೈವರನ್ನು ಮತ್ತೆ ಕಟ್ಟುವ ಸಾಧನ) ಮೂಲಕ ಕಟ್ಟಿಕೊಂಡರೂ ಕರ್ನೆಲ್ ಅಪ್‌ಡೇಟ್ ಆದಾಗ ಅದು ಮುರಿಯಬಹುದು. ಸೆಕ್ಯೂರ್ ಬೂಟ್ (ಸಹಿ ಇರುವ ತಂತ್ರಾಂಶವನ್ನಷ್ಟೇ ಒಳಬಿಡುವ ಕಾವಲು) ಚಾಲೂ ಇದ್ದರೆ ಸಹಿ ಇಲ್ಲದ ಡ್ರೈವರ್ ಲೋಡೇ ಆಗದು.

ಆದ್ದರಿಂದ ದುಡ್ಡು ಕೊಡುವ ಮೊದಲು ಡಾಂಗಲ್‌ನ ಬೆನ್ನಿನ ಚೀಟಿಯಲ್ಲಿ ಆವೃತ್ತಿ ನೋಡಿ. ಚೀಟಿ ಮಾಸಿದ್ದರೆ ಉಬುಂಟು ಲೈವ್ ಪೆನ್‌ಡ್ರೈವ್‌ನಿಂದ (ಹಾರ್ಡ್ ಡಿಸ್ಕಿಗೆ ಹಾಕದೆಯೇ ಉಬುಂಟು ಓಡಿಸುವಂಥದ್ದು) ಲ್ಯಾಪ್‌ಟಾಪ್ ಚಾಲೂ ಮಾಡಿ, ಡಾಂಗಲ್ ಚುಚ್ಚಿ, ಟರ್ಮಿನಲ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ (lsusb) ಆದೇಶ ಕೊಡಿ, ಚುಚ್ಚಿದ ಯುಎಸ್‌ಬಿ ಸಾಮಾನುಗಳ ನಂಬರು ಬರುತ್ತವೆ. 0ಸಿಎಫ್3:9271 (0cf3:9271) ಎಂದು ಬಂದರೆ ಅಥೆರೋಸ್, ಕಣ್ಣುಮುಚ್ಚಿ ತಗೊಳ್ಳಿ. 2357:010ಸಿ (2357:010c) ಬಂದರೆ ರಿಯಲ್‌ಟೆಕ್. ಬೇರೆ ಅಗ್ಗದ ಡಾಂಗಲ್‌ಗಳಲ್ಲಿ 0ಬಿಡಿಎ:1ಎ2ಬಿ (0bda:1a2b) ಕಂಡರೆ ಅದು ಇನ್ನೂ ಸಿಡಿ ಡ್ರೈವ್‌ನ ವೇಷದಲ್ಲಿದೆ ಎಂದರ್ಥ. ಯುಎಸ್‌ಬಿ-ಮೋಡ್‌ಸ್ವಿಚ್ ಎಂಬ ತಂತ್ರಾಂಶ ಹಾಕಿ ವೇಷ ಕಳಚಿದ ಮೇಲೆ ಬರುವ ನಂಬರೇ ನಿಜವಾದದ್ದು.

ಮೊದಲ ಆವೃತ್ತಿಯ ತಯಾರಿಕೆ ನಿಂತು ವರ್ಷಗಳಾದವು, ಸಿಕ್ಕರೆ ಸೆಕೆಂಡ್ ಹ್ಯಾಂಡ್. ಹಳೆ ಲ್ಯಾಪ್‌ಟಾಪಿನವರಿಗೆ ಇನ್ನೊಂದು ದಾರಿಯಿದೆ: ಒಳಗಿನ ಬ್ರಾಡ್‌ಕಾಮ್ ಬಿಸಿಎಂ43142 ವೈಫೈ ಕಾರ್ಡ್ (ಹಾಫ್ ಮಿನಿ ಗಾತ್ರದ್ದು) ಕಿತ್ತು ಎಆರ್9285 ಕಾರ್ಡ್ ಹಾಕುವುದು. ಇದಕ್ಕೆ ಫರ್ಮ್‌ವೇರ್ ಫೈಲೇ ಬೇಡ. ಹಳೆಯ ಎಚ್‌ಪಿ, ಲೆನೊವೊಗಳಲ್ಲಿ ಮಾತ್ರ ಎಚ್ಚರ. ಕೆಲವು ಮಾದರಿಗಳ ಬಯೋಸ್ (ಯಂತ್ರ ಚಾಲೂ ಮಾಡುವ ಮೂಲ ತಂತ್ರಾಂಶ) ತನ್ನ ಪಟ್ಟಿಯಲ್ಲಿಲ್ಲದ ಕಾರ್ಡ್ ಕಂಡರೆ ಬೂಟ್ ಆಗಲೇ ಬಿಡುವುದಿಲ್ಲ.

722ಎನ್‌ನ ಮಿತಿಯನ್ನೂ ಹೇಳಬೇಕು. 2.4 ಗಿಗಾಹರ್ಟ್ಸ್ ಮಾತ್ರ, ಪೆಟ್ಟಿಗೆ ಮೇಲಿನ ವೇಗ 150 ಎಂಬಿಪಿಎಸ್, ಕೈಗೆ ಹತ್ತುವುದು ಅದಕ್ಕಿಂತ ಸಾಕಷ್ಟು ಕಡಿಮೆ. ಧಾರವಾಡದ ಹಳೆ ಮನೆಗಳ ದಪ್ಪ ಗೋಡೆ ದಾಟಲು ಈ ಬ್ಯಾಂಡೇ ವಾಸಿ. 5 ಗಿಗಾಹರ್ಟ್ಸ್ ಬೇಕೇ ಬೇಕಿದ್ದರೆ ಮೀಡಿಯಾಟೆಕ್ ಎಂಟಿ7612ಯು ಚಿಪ್ ಇರುವುದನ್ನು ಹುಡುಕಿ. ಡ್ರೈವರ್ 4.19ರಿಂದ ಕರ್ನೆಲ್‌ನಲ್ಲೇ ಇದೆ, ಫರ್ಮ್‌ವೇರ್ ಮಾತ್ರ ಮುಚ್ಚಿದ್ದು.

722ಎನ್ ಅನ್ನು ನೀಲಿ ಯುಎಸ್‌ಬಿ 3 ಪೋರ್ಟಿನ ಮಗ್ಗುಲಿಗೆ ಸಿಕ್ಕಿಸಬೇಡಿ. ಅಲ್ಲಿ ಹಾರ್ಡ್ ಡಿಸ್ಕ್ ಓಡುವಾಗ ಹೊಮ್ಮುವ ಗದ್ದಲ 2.4 ಗಿಗಾಹರ್ಟ್ಸ್‌ಗೆ ನೇರ ಬಡಿಯುತ್ತದೆ, ಸಂಪರ್ಕ ಕಡಿಯುತ್ತದೆ. ಒಂದು ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲನ್ನು ದೂರ ಇಟ್ಟರೆ ಆ ಕಾಟ ತಪ್ಪುತ್ತದೆ.