ಐದು ಸೀಸನ್ ಬಳಸಿದ ಸ್ನೋಬೋರ್ಡ್ ಸೆಟ್: ಹಿಮಕ್ಕಿಂತ ದಾವಣಗೆರೆ ಬಿಸಿಲೇ ಹೆಚ್ಚು ಸವೆಸಿತು

ಸ್ನೋಬೋರ್ಡ್ ಎಂದರೆ ಎರಡೂ ಕಾಲು ಕಟ್ಟಿ ನಿಂತು ಹಿಮದ ಇಳಿಜಾರಿನಲ್ಲಿ ಜಾರುವ ಹಲಗೆ. ಸೆಟ್ಟಿನ ವಿವರ ಮೊದಲು. 154 ಸೆಂ.ಮೀ. ಉದ್ದದ ಆಲ್ ಮೌಂಟನ್ (ಎಲ್ಲ ಬಗೆಯ ಇಳಿಜಾರಿಗೂ ಆಗುವ) ಬೋರ್ಡು, ಹೈಬ್ರಿಡ್ ಕ್ಯಾಂಬರ್ (ಕೆಲವೆಡೆ ಮೇಲಕ್ಕೆ, ಕೆಲವೆಡೆ ಕೆಳಕ್ಕೆ ಬಾಗಿದ ಆಕಾರ), ಸಿಂಟರ್ಡ್ ಬೇಸು (ಪ್ಲಾಸ್ಟಿಕ್ ಪುಡಿ ಒತ್ತಿ ಮಾಡಿದ ತಳ), ನಡು ಅಗಲ 252 ಮಿ.ಮೀ. ಬೂಟನ್ನು ಬೋರ್ಡಿಗೆ ಪಟ್ಟಿಯಿಂದ ಕಟ್ಟಿ ಹಿಡಿಯುವ, ಮಧ್ಯಮ ಬಿಗಿಯ ಸ್ಟ್ರಾಪ್ ಬೈಂಡಿಂಗು. ಬೋವಾ ಡಯಲ್ (ಲೇಸಿನ ಬದಲು ತಂತಿಯನ್ನು ತಿರುಗಿಸಿ ಬಿಗಿಯುವ ಗುಂಡಿ) ಇರುವ ಬೂಟು. ಜೊತೆಗೆ ಹೆಲ್ಮೆಟ್ಟು, ಗಾಗಲ್ಲು, ಹಿಮಕುಸಿತದ ಬೀಕನ್ನು (ಹಿಮದಡಿ ಹೂತವರನ್ನು ಹುಡುಕಲು ಸಂಕೇತ ಕಳಿಸುವ, ಹಿಡಿಯುವ ಸಾಧನ). ಸೀಸನ್ನಿಗೆ ಒಂಬತ್ತು ದಿನದಂತೆ ಕಾಶ್ಮೀರದ ಗುಲ್ಮಾರ್ಗಿನಲ್ಲಿ ಒಟ್ಟು 45 ದಿನ ಓಡಿದೆ. ಐದು ವರ್ಷದ ಉಳಿದ 1,780 ದಿನ ಇದೆಲ್ಲ ಇದ್ದದ್ದು ದಾವಣಗೆರೆಯ ಮನೆಯಲ್ಲಿ.

ಕೊಳ್ಳುವ ಮುಂಚೆ ಓದಿದ ಯಾವ ವಿಮರ್ಶೆಯಲ್ಲೂ ಈ ಎರಡನೇ ಲೆಕ್ಕ ಇರಲಿಲ್ಲ. ಬರೆಯುವವರು ಹಿಮ ಬೀಳುವ ಊರಿನವರು, ಅವರ ಬೋರ್ಡು ಬೇಸಿಗೆಯಲ್ಲೂ ತಣ್ಣಗೆ ಮಲಗಿರುತ್ತದೆ. ನಮ್ಮ ಕಡೆ ಹಾಗಿಲ್ಲ. ಈ ಸೆಟ್ಟಿನಲ್ಲಿ ಕೆಟ್ಟದ್ದರಲ್ಲಿ ಮುಕ್ಕಾಲು ಪಾಲು ಕೆಟ್ಟದ್ದು ಮನೆಯಲ್ಲೇ.

ಮೊದಲ ಎರಡು ಬೇಸಿಗೆ ಬೋರ್ಡು ತಗಡಿನ ಶೀಟಿನ ಕೆಳಗೆ, ಅಟ್ಟದ ಮೇಲಿತ್ತು. ಏಪ್ರಿಲ್‌ನಲ್ಲಿ ಹೊರಗೆ 39-40 ಡಿಗ್ರಿ ಇದ್ದರೆ ಶೀಟಿನ ಕೆಳಗೆ ಮಧ್ಯಾಹ್ನ 50ರ ಹತ್ತಿರ ಹೋಗುತ್ತದೆ. ಬೋರ್ಡು ಎಂದರೆ ನಡುವೆ ಮರದ ತಿರುಳು, ಅದರ ಮೇಲೂ ಕೆಳಗೂ ಫೈಬರ್‌ಗ್ಲಾಸ್, ತಳಕ್ಕೆ ಪಾಲಿಥಿನ್ ಬೇಸು, ಅಂಚಿಗೆ ಉಕ್ಕಿನ ಪಟ್ಟಿ. ಇವಿಷ್ಟನ್ನೂ ಹಿಡಿದಿರುವುದು ಎಪಾಕ್ಸಿ. ಕಾವಿಗೆ ಎಪಾಕ್ಸಿಯ ಹಿಡಿತ ಸಡಿಲವಾಗುತ್ತದೆ; ಉಕ್ಕು ಒಂದು ಅಳತೆಗೆ ಹಿಗ್ಗಿದರೆ ಪ್ಲಾಸ್ಟಿಕ್ ಇನ್ನೊಂದು ಅಳತೆಗೆ. ಎಲ್ಲಿ ಮೊದಲೇ ಪೆಟ್ಟು ತಿಂದಿದೆಯೋ ಅಲ್ಲಿ ಪದರ ಬಾಯಿ ಬಿಡುತ್ತದೆ. ಮೂತಿಯ (ಬೋರ್ಡಿನ ಮುಂತುದಿಯ) ಬಲಗಡೆ 4 ಸೆಂ.ಮೀ. ಉದ್ದಕ್ಕೆ ಮೇಲಿನ ಹಾಳೆ ಎದ್ದದ್ದು ಹೀಗೆ. ಉಗುರು ತೂರುವಷ್ಟು ಸಂದು. ಹೆಬ್ಬೆರಳಲ್ಲಿ ಒತ್ತಿದರೆ ಟಕ್ಕೆಂದು ಮುಚ್ಚುತ್ತಿತ್ತು, ಬಿಟ್ಟರೆ ಮತ್ತೆ ತೆರೆದುಕೊಳ್ಳುತ್ತಿತ್ತು.

ರಿಪೇರಿಗೆ ಊರಲ್ಲೇ ಸಿಗುವ ಸಾಮಾನು ಸಾಕು. ಎರಡು ಟ್ಯೂಬಿನ ಎಪಾಕ್ಸಿಯಲ್ಲಿ ನಿಧಾನವಾಗಿ ಗಟ್ಟಿಯಾಗುವುದನ್ನೇ ತನ್ನಿ. ಐದು ನಿಮಿಷದ್ದು ಗಾಜಿನ ಹಾಗೆ ಗಡುಸಾಗಿ, ಬೋರ್ಡು ಬಾಗಿದಾಗ ಬಿರುಕು ಬಿಡುತ್ತದೆ. ಸಂದನ್ನು ಎರಡು ದಿನ ನೆರಳಲ್ಲಿ ಒಣಗಿಸಿ. ಒಳಗೆ ತೇವ ಉಳಿದರೆ ಅಂಟು ಹಿಡಿಯುವುದಿಲ್ಲ. ಸೂಜಿ ತೆಗೆದ ಸಿರಿಂಜಿನಲ್ಲಿ ಅಂಟು ತುಂಬಿ, ಸಂದಿನ ಕೊನೆಯ ತನಕ ಒತ್ತಿ. ಮೇಲೊಂದು ಕೆಳಗೊಂದು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಪ್ಲೈವುಡ್ ತುಂಡು, ಬಡಗಿಗಳು ಬಳಸುವ ಸಿ ಕ್ಲಾಂಪು ಎರಡು, 24 ಗಂಟೆ. ಕ್ಲಾಂಪನ್ನು ಹಿಂಡುವಷ್ಟು ತಿರುಗಿಸಬೇಡಿ, ಅಂಟೆಲ್ಲ ಹೊರಗೆ ಬಂದು ಒಣ ಪದರ ಉಳಿಯುತ್ತದೆ. ಈ ರಿಪೇರಿ ಮೂರು ಸೀಸನ್ ತಡೆದಿದೆ.

ಈಗ ಬೋರ್ಡು ಇರುವುದು ನೆಲಮಹಡಿಯ ಒಳಕೋಣೆಯಲ್ಲಿ, ಮಂಚದ ಕೆಳಗೆ, ಬೈಂಡಿಂಗ್ ಬಿಚ್ಚಿ, ಅಂಗಾತ. ಬೈಂಡಿಂಗ್ ಸ್ಕ್ರೂ ತಿಂಗಳುಗಟ್ಟಲೆ ಬಿಗಿಯಾಗಿದ್ದರೆ ಬೇಸಿನಲ್ಲಿ ಗುಳಿ ಬೀಳುತ್ತದೆ. ಬ್ಯಾಗಿನೊಳಗೆ ಮುಚ್ಚಿಡುವುದೂ ತಪ್ಪು. ಗುಲ್ಮಾರ್ಗಿನಿಂದ ಮನೆ ಮುಟ್ಟುವ ಹೊತ್ತಿಗೆ ಬ್ಯಾಗಿನ ತಳದ ನೀರು ಉಕ್ಕಿನ ಅಂಚಿಗೆ ಕೆಂಪು ಚುಕ್ಕೆ ತರಿಸಿರುತ್ತದೆ. ಬಂದ ದಿನವೇ ಬಿಚ್ಚಿ, ಒರೆಸಿ, ತುಕ್ಕನ್ನು ನುಣುಪು ಎಮರಿಯಲ್ಲಿ ಉಜ್ಜಿ, ಅಂಚಿನ ಮೇಲೂ ಹರಡುವಂತೆ ದಪ್ಪಗೆ ವ್ಯಾಕ್ಸ್ (ಬೇಸು ಜಾರಲೆಂದು ಹಾಕುವ ಮೇಣ) ಹಾಕಿ ಕೆರೆಯದೆ ಬಿಡಿ. ನಮ್ಮ ಸೆಕೆಗೆ ವ್ಯಾಕ್ಸ್ ಕರಗಿ ಹರಿಯುವುದಿಲ್ಲ, ಆದರೆ ಮೆತ್ತಗಾಗಿ ಧೂಳು ಹಿಡಿಯುತ್ತದೆ. ಹಳೇ ಪಂಚೆಯೊಂದನ್ನು ಹೊದಿಸಿದರೆ ಆಯಿತು. ಮನೆಯಲ್ಲಿ ಮೆಕ್ಕೆಜೋಳದ ಚೀಲ ಇದ್ದರೆ ಇಲಿಯೂ ಇರುತ್ತದೆ, ಬೂಟಿನ ಲೈನರಿನ (ಒಳಗಿನ ಮೆತ್ತನೆಯ ಪದರದ) ಫೋಮು ಅದಕ್ಕೆ ಗೂಡಿನ ಸಾಮಾನು. ಬೂಟು, ಗಾಗಲ್ಲು, ಗ್ಲೌಸು ಕಬ್ಬಿಣದ ಟ್ರಂಕಿನಲ್ಲೇ ಇರಲಿ. ಕಾರಿನ ಡಿಕ್ಕಿಯಲ್ಲಿ ಒಂದು ಮಧ್ಯಾಹ್ನವೂ ಬಿಡಬೇಡಿ.

ವ್ಯಾಕ್ಸ್ ಕರಗಿಸಿ ಬೇಸಿಗೆ ಸವರಲು ಬೇರೆ ಇಸ್ತ್ರಿ ಪೆಟ್ಟಿಗೆ ಬೇಕು, ಬಟ್ಟೆಯದ್ದು ಬೇಡ. ಹಬೆ ಬರುವ ತೂತುಗಳಿಲ್ಲದ, ಸಪಾಟು ತಳದ ಹಳೆಯ ಮಾದರಿ ಒಳ್ಳೆಯದು. 120-140 ಡಿಗ್ರಿ ಸಾಕು. ವ್ಯಾಕ್ಸಿನಿಂದ ಹೊಗೆ ಎದ್ದರೆ ಕಾವು ಹೆಚ್ಚಾಯಿತು ಎಂದರ್ಥ. ಪೆಟ್ಟಿಗೆಯನ್ನು ಎಲ್ಲೂ ನಿಲ್ಲಿಸಬಾರದು. ಬೋರ್ಡಿನ ಮೇಲ್ಭಾಗಕ್ಕೆ ಕೈಯಿಟ್ಟಾಗ ಬೆಚ್ಚಗೆನಿಸಿದರೆ ಅಲ್ಲಿಗೆ ಮುಗಿಸಿ. ಒಂದು ಗಂಟೆ ಆರಲು ಬಿಟ್ಟು, ಅಕ್ರಿಲಿಕ್ ಪಟ್ಟಿಯಿಂದ ಮೂತಿಯಿಂದ ಬಾಲದ ಕಡೆಗೆ ಕೆರೆದು, ನೈಲಾನ್ ಬ್ರಷ್ಷಿನಲ್ಲಿ ತಿಕ್ಕಿ. ಸಿಂಟರ್ಡ್ ಬೇಸು ವ್ಯಾಕ್ಸ್ ಕುಡಿಯುವ ಬೇಸು: ಹಾಕಿದರೆ ಪ್ಲಾಸ್ಟಿಕ್ ಕರಗಿಸಿ ಮಾಡಿದ ಎಕ್ಸ್‌ಟ್ರೂಡೆಡ್‌ಗಿಂತ ಚೆನ್ನಾಗಿ ಜಾರುತ್ತದೆ, ಮರೆತರೆ ಅದಕ್ಕಿಂತ ಮಂದ. ಈ ಕೆಲಸ ಮಾಡಲು ಮನಸ್ಸಿಲ್ಲದವರು ಎಕ್ಸ್‌ಟ್ರೂಡೆಡ್ಡನ್ನೇ ಕೊಳ್ಳುವುದು ಸರಿ, ಗೀರು ಬಿದ್ದರೂ ಅದನ್ನು ಸರಿಮಾಡುವುದು ಸುಲಭ.

ಇನ್ನು ಬೂಟು. ಹಣ ಸುರಿಯುವುದಿದ್ದರೆ ಇಲ್ಲಿ ಸುರಿಯಿರಿ. ಬೋರ್ಡನ್ನು ಗುಲ್ಮಾರ್ಗಿನಲ್ಲಿ ಬಾಡಿಗೆಗೆ ತೆಗೆದುಕೊಳ್ಳಬಹುದು, ಬೂಟನ್ನು ಬಾಡಿಗೆಗೆ ತಂದರೆ ಎರಡನೇ ದಿನಕ್ಕೆ ಕಾಲು ಕೈಕೊಡುತ್ತದೆ. ಊರಲ್ಲಿ ಹಾಕಿ ನೋಡುವ ಅಂಗಡಿ ಇಲ್ಲದ್ದರಿಂದ ಅಳತೆಯೇ ಎಲ್ಲ. ಸಂಜೆ ಹೊತ್ತು, ಪಾದ ಸ್ವಲ್ಪ ಊದಿರುವಾಗ, ಹಿಮ್ಮಡಿ ಗೋಡೆಗೆ ತಾಗಿಸಿ ಕಾಗದದ ಮೇಲೆ ನಿಂತು ಉದ್ದನೆಯ ಬೆರಳಿನ ತುದಿಗೆ ಗೆರೆ ಹಾಕಿ. 27 ಸೆಂ.ಮೀ. ಬಂದರೆ ಮೊಂಡೊ ಅಳತೆ (ಪಾದದ ಉದ್ದವೇ ಬೂಟಿನ ನಂಬರ್ ಆಗುವ ಲೆಕ್ಕ) 27. ಶೂಗೆ ಕೊಳ್ಳುವ ಹಾಗೆ ಒಂದು ನಂಬರ್ ದೊಡ್ಡದು ಬೇಡವೇ ಬೇಡ. ಅಗಲವನ್ನೂ ಅಳೆಯಿರಿ, ವರ್ಷವಿಡೀ ಚಪ್ಪಲಿಯಲ್ಲೇ ಇರುವ ಪಾದ ಮುಂಭಾಗದಲ್ಲಿ ಹರಡಿರುತ್ತದೆ, ಅಂಥವರು ವೈಡ್ ಮಾದರಿ ನೋಡಬೇಕು.

ಬೂಟು ಮನೆಗೆ ಬಂದ ದಿನ ತೆಳು ಕಾಲುಚೀಲ ಒಂದೇ ಹಾಕಿ, ಡಯಲ್ ಬಿಗಿ ಮಾಡಿ, ಮೊಣಕಾಲು ಬಾಗಿಸಿ ನಿಂತು ನೋಡಿ. ನೆಟ್ಟಗೆ ನಿಂತಾಗ ಬೆರಳು ಮುಂದಕ್ಕೆ ಮುಟ್ಟಬೇಕು, ಬಾಗಿದಾಗ ಹಿಂದೆ ಸರಿಯಬೇಕು. ತುದಿಗಾಲಲ್ಲಿ ಎದ್ದಾಗ ಹಿಮ್ಮಡಿ ಬೂಟಿನೊಳಗೆ ಏಳಕೂಡದು. ಎದ್ದರೆ ಟೋ ಅಂಚಿನ (ಕಾಲ್ಬೆರಳ ಕಡೆಯ ಅಂಚಿನ) ತಿರುವಿನಲ್ಲಿ ಬೋರ್ಡು ತಡವಾಗಿ ಮಾತು ಕೇಳುತ್ತದೆ. ಹೀಗೆ ಅರ್ಧ ಗಂಟೆ ಮನೆಯಲ್ಲೇ ಓಡಾಡಿ. ಜೋಮು ಹಿಡಿದರೆ ವಾಪಸ್ ಕಳಿಸಿ. ಚಳಿಗೆಂದು ಎರಡು ಕಾಲುಚೀಲ ಹಾಕುವವರ ಕಾಲು ಇನ್ನೂ ತಣ್ಣಗಾಗುತ್ತದೆ, ಮಡಿಕೆ ಬಿದ್ದು ರಕ್ತ ಓಡುವುದು ನಿಂತಿರುತ್ತದೆ. ಎಂಟು-ಹತ್ತು ದಿನ ಓಡಿದ ಮೇಲೆ ಲೈನರು ಒತ್ತಿಕೊಂಡು ಬೂಟು ಸುಮಾರು ಅರ್ಧ ನಂಬರ್ ದೊಡ್ಡದಾಗುತ್ತದೆ. ಮೊದಲು ಸ್ವಲ್ಪ ಬಿಗಿ ಇರಬೇಕೆನ್ನುವುದು ಇದಕ್ಕೇ.

ನಾಲ್ಕನೇ ವರ್ಷ ಎಡಬೂಟಿನ ಅಡಿ ಮುಂಭಾಗದಲ್ಲಿ ಕಿತ್ತಿತು. ಕಾರಣ ಎರಡು. ಗುಲ್ಮಾರ್ಗಿನ ಕೋಣೆಗಳಲ್ಲಿ ಕಟ್ಟಿಗೆ ಉರಿಸುವ ಬುಖಾರಿ ಇರುತ್ತದೆ. ಬೇಗ ಒಣಗಲೆಂದು ಬೂಟನ್ನು ಅದರ ಪಕ್ಕದಲ್ಲೇ ಇಟ್ಟರೆ ಅಂಟು ಕರಗುತ್ತದೆ. ಎರಡನೆಯದು ನಮ್ಮ ಮಳೆಗಾಲ: ಪಾಲಿಯುರೆಥೇನ್ (ಪಿಯು) ಅಡಿ ಗಾಳಿಯ ತೇವಕ್ಕೆ ಒಳಗೊಳಗೇ ಶಿಥಿಲವಾಗುತ್ತದೆ, ಹಾಕದೆ ಇಟ್ಟರೂ. ಚಪ್ಪಲಿ ರಿಪೇರಿಯ ಹಳದಿ ಸಲ್ಯೂಷನ್ ಈ ಜೋಡಿಗೆ ನಿಲ್ಲಲಿಲ್ಲ, ಶೂ ಅಡಿಗೆಂದೇ ಬರುವ ಪಿಯು ಅಂಟು ನಿಂತಿತು. ಒಣಗಿಸುವಾಗ ಲೈನರ್ ಹೊರಗೆ ಎಳೆದು, ಬೂಟಿನೊಳಗೆ ನ್ಯೂಸ್‌ಪೇಪರ್ ಉಂಡೆ ತುರುಕಿ, ಬುಖಾರಿಯಿಂದ ಎರಡು ಮಾರು ದೂರ ಇಡಿ. ಬೋವಾ ತಂತಿ ಒಮ್ಮೆ ತುಂಡಾಯಿತು. ಬದಲಿ ತಂತಿಯ ಕಿಟ್ಟು ಜೇಬಿಗೆ ಭಾರವಿಲ್ಲ, ಇಲ್ಲದಿದ್ದರೆ ಆ ದಿನ ಹೋಯಿತು.

ಬೋರ್ಡಿನ ಅಳತೆ ಬಗ್ಗೆ ಒಂದು ದೂರು ಇದೆ. 70 ಕೆಜಿ ಮೈಗೆ 154 ತಯಾರಕರ ಪಟ್ಟಿಯಂತೆ ಸರಿ, ಗಟ್ಟಿ ಇಳಿಜಾರಿನಲ್ಲಿ ಚುರುಕು ಕೂಡ. ಆದರೆ ಗುಲ್ಮಾರ್ಗಿಗೆ ಹೋಗುವುದೇ ಪುಡಿಹಿಮಕ್ಕೆ. ಮೊಣಕಾಲುದ್ದ ಹಿಮದಲ್ಲಿ ಇದರ ಮೂತಿ ಮುಳುಗುತ್ತದೆ, ಹಿಂಗಾಲು ಉರಿ ಹತ್ತುತ್ತದೆ. ಬೈಂಡಿಂಗನ್ನು ಎರಡೂ ಕಡೆ ಒಂದೊಂದು ತೂತು, ಅಂದರೆ 2 ಸೆಂ.ಮೀ., ಹಿಂದಕ್ಕೆ ಕೂರಿಸಿದರೆ ಅರ್ಧ ಪರಿಹಾರ. ಇನ್ನೊಮ್ಮೆ ಕೊಳ್ಳುವುದಾದರೆ 157-158ರ ಡೈರೆಕ್ಷನಲ್ (ಒಂದೇ ದಿಕ್ಕಿಗೆ ಓಡಲೆಂದು ಮಾಡಿದ) ಬೋರ್ಡು, ಮೂತಿ ಅಗಲದ್ದು. ಉದ್ದ ನೋಡಿದಷ್ಟೇ ನಡು ಅಗಲವನ್ನೂ ನೋಡಿ. ಬೂಟಿನ ತುದಿ ಅಂಚಿನಿಂದ 2 ಸೆಂ.ಮೀ.ಗಿಂತ ಹೊರಗಿದ್ದರೆ ಬೋರ್ಡು ವಾಲಿದಾಗ ಅದೇ ಹಿಮಕ್ಕೆ ಸಿಕ್ಕಿ ಬೀಳಿಸುತ್ತದೆ.

ಬೈಂಡಿಂಗಿನಲ್ಲಿ ಹೇಳಿಕೊಳ್ಳುವ ತೊಂದರೆ ಇಲ್ಲ, ಸ್ಕ್ರೂ ಒಂದನ್ನು ಬಿಟ್ಟು. ತಲೆಯ ಗುರುತು ಸ್ಟಾರ್‌ನಂತೆ ಕಂಡರೂ ಅದು ಪೋಜಿಡ್ರೈವ್ 3 ಎಂಬ ಬೇರೆ ಬಗೆ. ಮನೆಯ ಸ್ಟಾರ್ ಸ್ಕ್ರೂಡ್ರೈವರ್ ಹಾಕಿದರೆ ಜಾರಿ ಜಾರಿ ತಲೆ ಉರುಟಾಗುತ್ತದೆ. ಕಳೆದರೆ ಹಾರ್ಡ್‌ವೇರ್ ಅಂಗಡಿಯ ಎಂ6 ಸ್ಕ್ರೂ ಹೊಂದೀತು ಎಂದು 20 ಮಿ.ಮೀ.ದ್ದು ತಿರುಗಿಸಿದಿರೋ, ಅದು ಬೇಸನ್ನು ಒಳಗಿನಿಂದ ಒತ್ತಿ ಗುಬುಟು ಎಬ್ಬಿಸುತ್ತದೆ. ಈ ಬೋರ್ಡಿಗೆ ಬೇಕಾದ್ದು 16 ಮಿ.ಮೀ.ದ್ದು. ಹೆಚ್ಚುವರಿಯಾಗಿ ನಾಲ್ಕು ಸ್ಕ್ರೂ, ಸ್ಟ್ರಾಪಿನ ಹಲ್ಲುಗಳಿರುವ ಎರಡು ಲ್ಯಾಡರ್ ಪಟ್ಟಿ, ಅದನ್ನು ಬಿಗಿಯುವ ಒಂದು ರ‍್ಯಾಚೆಟ್ ಯಾವಾಗಲೂ ಜೊತೆಗಿರಲಿ. ದಿನಾ ಬೆಳಿಗ್ಗೆ ಎಂಟೂ ಸ್ಕ್ರೂ ಒಂದು ಸುತ್ತು ನೋಡಿ. ಸ್ಕ್ರೂ ಬಿಗಿ ಮಾಡುವ ದ್ರವ ಹಾಕಬೇಡಿ, ಅದು ಪ್ಲಾಸ್ಟಿಕ್ ಡಿಸ್ಕನ್ನು ತಿನ್ನುತ್ತದೆ.

ಬಟ್ಟೆಗೆ ಒಂದೇ ಮಾತು: ಹತ್ತಿ ಬೇಡ. ಹತ್ತಿ ಗಿರಣಿಗಳಿಂದ ಹೆಸರಾದ ಊರಿನವರಿಗೆ ಇದು ಹೇಳಲು ಕಷ್ಟ, ಆದರೆ ಬೆವರು ಕುಡಿದ ಬನಿಯನ್ ಮೈಮೇಲೆ ಐಸಾಗುತ್ತದೆ. ಒಳಗೆ ಪಾಲಿಯೆಸ್ಟರ್ ಅಥವಾ ಮೆರಿನೊ, ನಡುವೆ ಫ್ಲೀಸು, ಹೊರಗೆ ನೀರು ತಡೆಯುವ ಅಳತೆ (ವಾಟರ್‌ಪ್ರೂಫ್ ರೇಟಿಂಗ್) 10,000 ಮಿ.ಮೀ. ಇರುವ ಜಾಕೆಟ್ಟು. ಕಲಿಯುವವರು ಮಣಿಕಟ್ಟಿನ ಗಾರ್ಡು ಮತ್ತು ಪ್ಯಾಡ್ ಇರುವ ಚಡ್ಡಿ ಬಿಡಬಾರದು.

ಪ್ರವಾಸಕ್ಕೆ ನಾಲ್ಕು ಜನ ಸರಿಯಾದ ಲೆಕ್ಕ. ಎರಡು ಕೋಣೆ, ಬೋರ್ಡು ಮೇಲೆ ಕಟ್ಟಿದ ಒಂದು ಸುಮೊ, ಬೆಟ್ಟದ ಮೇಲೆ ಇಬ್ಬಿಬ್ಬರ ಎರಡು ಜೋಡಿ. ಮಟ್ಟದಲ್ಲಿ ಅಜಗಜಾಂತರ ಇರುವವರನ್ನು ಸೇರಿಸಿದರೆ ಯಾರಿಗೂ ಸುಖವಿಲ್ಲ. ಕಲಿಯುವವರಿಗೆ ಕೆಳಗಿನ ಬಯಲು, ಬಲ್ಲವರಿಗೆ ಮೇಲಿನ ಅಫರ್ವಾತ್ ಬೆಟ್ಟ. ತಾರೀಖನ್ನು ಸಂಕ್ರಾಂತಿಗೆ ಹಿಡಿಯುವುದಕ್ಕಿಂತ ಫೆಬ್ರವರಿ ಮೊದಲರ್ಧಕ್ಕೆ ಹಿಡಿಯಿರಿ. 2024ರ ಜನವರಿಯಲ್ಲಿ ತಿಂಗಳ ಕೊನೆಯವರೆಗೂ ಗುಲ್ಮಾರ್ಗ್ ಬಹುತೇಕ ಒಣಗಿತ್ತು.

ದಾವಣಗೆರೆಯಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹೋಗುವಾಗ ನಗರದೊಳಗೆ ಹೋಗದೆ ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೋಗಿ. ದೇಶೀಯ ವಿಮಾನದಲ್ಲಿ ಸಾಮಾನ್ಯ ಮಿತಿ 15 ಕೆಜಿ. ಬೋರ್ಡು 3, ಬೈಂಡಿಂಗ್ 2, ಬೂಟು 2, ಬ್ಯಾಗು 2, ಅಲ್ಲಿಗೆ 9 ಕೆಜಿ ಆಯಿತು. ಬಟ್ಟೆಯನ್ನು ಬೋರ್ಡಿನ ಮೂತಿ-ಬಾಲಕ್ಕೆ ಸುತ್ತಿದರೆ ಪೆಟ್ಟೂ ತಪ್ಪುತ್ತದೆ, ಇನ್ನೊಂದು ಬ್ಯಾಗೂ ಉಳಿಯುತ್ತದೆ. ನಮ್ಮ ಪ್ರಿಪೇಯ್ಡ್ ಸಿಮ್ ಜಮ್ಮು-ಕಾಶ್ಮೀರದಲ್ಲಿ ನಡೆಯುವುದಿಲ್ಲ. ನಾಲ್ವರಲ್ಲಿ ಇಬ್ಬರಾದರೂ ಪೋಸ್ಟ್‌ಪೇಯ್ಡ್ ಇಟ್ಟುಕೊಳ್ಳಿ. ಶ್ರೀನಗರದಿಂದ ಗುಲ್ಮಾರ್ಗಿಗೆ ಸುಮಾರು 50 ಕಿ.ಮೀ.; ಹಿಮ ಬಿದ್ದ ದಿನ ತಂಗ್ಮಾರ್ಗಿನಿಂದ ಮೇಲಿನ 13 ಕಿ.ಮೀ.ಗೆ ಚಕ್ರಕ್ಕೆ ಸರಪಳಿ ಹಾಕಿದ ಗಾಡಿಯೇ ಆಗಬೇಕು. ಗೊಂಡೊಲಾದ (ಬೆಟ್ಟ ಹತ್ತಿಸುವ ರೋಪ್‌ವೇಯ) ಎರಡನೇ ಹಂತ 3,900 ಮೀಟರ್ ದಾಟುತ್ತದೆ. ಗಾಳಿ ಅಥವಾ ಹಿಮಕುಸಿತದ ಭಯ ಇದ್ದರೆ ತೆರೆಯುವುದಿಲ್ಲ. ಐದು ದಿನಕ್ಕೆ ಹೋದವರು ಮೇಲೆ ಹತ್ತದೆಯೇ ಬರಬಹುದು, ಒಂಬತ್ತು ದಿನ ಇಟ್ಟುಕೊಂಡದ್ದು ಅದಕ್ಕೇ. ಬಾಬಾರೇಷಿ ಕಡೆಗೆ ಇಳಿಯುವ ದಾರಿಯ ಕೊನೆ ಸಪಾಟು, ಬೋರ್ಡಿನವರು ಮುಂದೆ ಜಾರದೆ ಅಲ್ಲೇ ನಿಂತುಬಿಡುತ್ತಾರೆ. ಮಡಚುವ ಕೋಲೊಂದು ಬೆನ್ನಿಗಿರಲಿ, ಕೆಳಗೆ ಗಾಡಿ ಮೊದಲೇ ಹೇಳಿರಲಿ. ಜೇಬಿಗೆ ಚಳ್ಳಕೆರೆ ಕಡೆಯ ಶೇಂಗಾ ಚಿಕ್ಕಿಗಿಂತ ಒಳ್ಳೆಯ ತಿನಿಸು ಸಿಕ್ಕಿಲ್ಲ.

ಎರಡನೇ ಹಂತಕ್ಕೆ ಹತ್ತುವ ಪ್ರತಿಯೊಬ್ಬರಲ್ಲೂ ಬೀಕನ್ನು, ಸಲಿಕೆ, 240 ಸೆಂ.ಮೀ. ಪ್ರೋಬು (ಹಿಮದೊಳಗೆ ಚುಚ್ಚಿ ಹುಡುಕುವ ಕೋಲು) ಇರಲೇಬೇಕು. ಹಿಮಕುಸಿತದಲ್ಲಿ ಹೂತವರನ್ನು ಹತ್ತು-ಹದಿನೈದು ನಿಮಿಷದೊಳಗೆ ತೆಗೆಯಬೇಕು, ಅಷ್ಟರಲ್ಲಿ ಹೊರಗಿನಿಂದ ಯಾರೂ ಬರುವುದಿಲ್ಲ, ಜೊತೆಗಾರರೇ ಎಲ್ಲ. ಇದರ ಅಭ್ಯಾಸಕ್ಕೆ ಹಿಮ ಬೇಕಿಲ್ಲ. ಕೊಯ್ಲಾದ ಹೊಲದಲ್ಲಿ ಒಂದು ಬೀಕನ್ನನ್ನು ಗೋಣಿಚೀಲದಲ್ಲಿಟ್ಟು ಹುಲ್ಲಿನ ರಾಶಿಯಡಿ ಬಚ್ಚಿಟ್ಟು, 40 ಮೀಟರ್ ದೂರದಿಂದ ಹುಡುಕಿ. ಐದು ನಿಮಿಷ ಮೀರಿದರೆ ಮತ್ತೆ ಮಾಡಿ. ಫೋನು ಬೀಕನ್ನಿನಿಂದ 20 ಸೆಂ.ಮೀ., ಹುಡುಕುವಾಗ 50 ಸೆಂ.ಮೀ. ದೂರವಿರಲಿ, ಹತ್ತಿರವಿದ್ದರೆ ಬೀಕನ್ನಿನ ಪರದೆಯ ಬಾಣದ ಗುರುತು ದಾರಿ ತಪ್ಪಿಸುತ್ತದೆ. ಇಳಿಜಾರಿನಲ್ಲಿ ಒಬ್ಬರಾದ ಮೇಲೆ ಒಬ್ಬರು. ಮುಂದೆ ಹೋದವರು ಸುರಕ್ಷಿತ ಜಾಗದಲ್ಲಿ ನಿಂತು ಕೈ ಎತ್ತಿದ ಮೇಲೆ ಮುಂದಿನವರು.

ಆರನೇ ಸೀಸನ್ನಿಗೆ ಬದಲಾಗುತ್ತಿರುವುದು ಬೂಟು ಮತ್ತು ಹೆಲ್ಮೆಟ್ಟು. ಹೆಲ್ಮೆಟ್ಟಿನ ಒಳಗಿನ ಥರ್ಮೊಕೋಲು ಐದು ಬೇಸಿಗೆ ಕಂಡಿದೆ, ಪೆಟ್ಟು ಬೀಳದಿದ್ದರೂ ಅದನ್ನು ನಂಬಲಾಗದು. ಬೋರ್ಡು, ಬೈಂಡಿಂಗು ಇನ್ನೂ ಎರಡು ವರ್ಷಕ್ಕೆ ಸಾಕು. ಬೀಕನ್ನಿನ ಆಲ್ಕಲೈನ್ ಸೆಲ್ಲುಗಳನ್ನು ಮಾರ್ಚಿನಲ್ಲೇ ತೆಗೆದಿಡಿ, ನಮ್ಮ ಸೆಕೆಗೆ ಸೋರಿದರೆ ಒಳಗಿನ ಸ್ಪ್ರಿಂಗು ಹಸಿರುಗಟ್ಟುತ್ತದೆ.